ಬೋಲ್ಟ್ ರೈಫಲ್ ಮೀಮಾಂಸೆ: ಹುಬ್ಬಳ್ಳಿ-ಧಾರವಾಡ ಪಾಠ

ರೈಫಲ್ ಆರಿಸುವ ವಿಷಯದಲ್ಲಿ ಅವಳಿನಗರದ ವಿದ್ವಾಂಸರು ಎರಡು ಪಂಥವಾಗಿದ್ದಾರೆ. ಹುಬ್ಬಳ್ಳಿ ಪಂಥದವರು ಅದನ್ನು ಕೈಗೆತ್ತಿಕೊಳ್ಳುವ ಮೊದಲೇ ‘ಕಡೀಕ ಎಷ್ಟಕ್ಕ ಬಿಡ್ತೀರಿ?’ ಎಂಬ ಆದ್ಯ ಸೂತ್ರವನ್ನು ಪಠಿಸುತ್ತಾರೆ. ಧಾರವಾಡ ಪಂಥದವರು ಕೊಳ್ಳುವುದೇ ಇಲ್ಲ, ವಿಚಾರಸಂಕಿರಣ ಮಾಡುತ್ತಾರೆ. ಎರಡನೆಯ ಚಹಾ ಬರುವಷ್ಟರಲ್ಲಿ ಚರ್ಚೆ ಬಂದೂಕು ಬಿಟ್ಟು ಬೇಂದ್ರೆಯವರತ್ತ ಹೊರಳಿರುತ್ತದೆ. ಪ್ರಸ್ತುತ ಲೇಖಕ ನಡುವಿನ ನವನಗರದವನಾದ್ದರಿಂದ ನಿಷ್ಪಕ್ಷಪಾತಿ.

ಪೂರ್ವಪಕ್ಷ: ಕ್ಯಾಲಿಬರ್, ನಳಿಗೆಯ ಉದ್ದ, ಟ್ರಿಗರಿನ ಹದ ನೋಡಿ ಆರಿಸಬೇಕು. ಇದು ವಿದೇಶಿ ಭಾಷ್ಯಕಾರರ ಮತ. ನಮ್ಮಲ್ಲಾದರೋ .303 ನಾಗರಿಕರಿಗೆ ನಿಷಿದ್ಧ ಬೋರು. ಬಹುಮಟ್ಟಿಗೆ ಉಳಿಯುವುದು ಆರ್ಡ್‌ನನ್ಸ್ ಕಾರ್ಖಾನೆಯ .315, ಅದೂ ಲೀ-ಎನ್‌ಫೀಲ್ಡ್ ವಂಶದ್ದೇ. ಬೋಲ್ಟಿನ ಹಿಡಿಕೆ ಎತ್ತು, ಹಿಂದಕ್ಕೆಳೆ, ಮುಂದಕ್ಕೆ ತಳ್ಳು, ಕೆಳಗೊತ್ತು: ಪ್ರತಿ ಗುಂಡಿಗೂ ಈ ಚತುರ್ವಿಧ ಕ್ರಿಯೆ. ಧಾರವಾಡದ ನಿಧಾನಕ್ಕೆ ಹೇಳಿ ಮಾಡಿಸಿದಂತಿದೆ.

ಸಿದ್ಧಾಂತ: ರೈಫಲ್ ಗೌಣ, ಕಡತವೇ ಪ್ರಧಾನ. 1959ರ ಆಯುಧ ಕಾಯ್ದೆ ಶ್ರುತಿ, 2016ರ ನಿಯಮಗಳು ಸ್ಮೃತಿ. ಎ-1 ನಮೂನೆಯ ಅರ್ಜಿ, ಪೊಲೀಸ್ ವರದಿ, ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಇತ್ಯಾದಿ ಸೇರಿ ಕಡತದ ತೂಕ ರೈಫಲ್ಲನ್ನು ಮೀರಿದ ದಿನ ಆಯ್ಕೆ ಪಕ್ವವಾಯಿತೆಂದು ತಿಳಿಯತಕ್ಕದ್ದು. ಹಿಂದೆ ಒಬ್ಬನಿಗೆ ಮೂರು ಬಂದೂಕು ಸಲ್ಲುತ್ತಿದ್ದವು. 2019ರ ತಿದ್ದುಪಡಿ ಎರಡಕ್ಕಿಳಿಸಿ, ಪರವಾನಗಿಯ ಆಯುಷ್ಯವನ್ನು 3 ವರ್ಷದಿಂದ 5ಕ್ಕೆ ಏರಿಸಿ ಸಮಾಧಾನ ಹೇಳಿತು. ಕೊಡವರಿಗೆ 2029ರವರೆಗೆ ಪರವಾನಗಿಯಿಂದಲೇ ವಿನಾಯಿತಿ ಇದೆಯಲ್ಲ ಎಂದು ಹೊಟ್ಟೆಕಿಚ್ಚು ಪಡುವವರು ನಮ್ಮ ಸೀಮೆಯ ಹಲಗಲಿಯನ್ನು ನೆನೆಯಲಿ. 1857ರಲ್ಲಿ ಆಯುಧ ನೋಂದಾಯಿಸಿ ಎಂದು ಕುಂಪಣಿ ಸರ್ಕಾರ ಹೇಳಿದಾಗ ಅಲ್ಲಿನ ಬೇಡರು ನಮೂನೆ ತುಂಬಲಿಲ್ಲ, ತಿರುಗಿ ಬಿದ್ದರು; ಸರ್ಕಾರ ಊರನ್ನೇ ಸುಟ್ಟಿತು. ಅವರ ಶೌರ್ಯಕ್ಕೆ ಲಾವಣಿ ಕಟ್ಟಿ ಹಾಡಿದ ನಾವು ಈಗ ಮೂರು ಪ್ರತಿ ಝೆರಾಕ್ಸ್ ತೆಗೆಸುತ್ತೇವೆ, ಒಂದು ಹೆಚ್ಚಿಗೇ ಇರಲಿ ಎಂದು ನಾಲ್ಕು.

ಇನ್ನು ಅಲಂಕಾರ ಪ್ರಕರಣ. ನಳಿಗೆ ಮೊಟಕು ಮಾಡಿಸಲು ಕಲಂ 6ರ ಪ್ರಕಾರ ಬೇರೆಯೇ ಪರವಾನಗಿ ಬೇಕು. ಆದ್ದರಿಂದ ನಿರಾತಂಕವಾದ ಮಾರ್ಪಾಡು ಒಂದೇ: ಆಯುಧಪೂಜೆಯ ದಿನ ಕುಂಕುಮ, ಚೆಂಡುಹೂವು.

ರೈಫಲ್ ಮೇಲೆ ಕೂರಿಸುವ ದುರ್ಬೀನಿನ ವಿಚಾರ ಗಹನವಾದದ್ದು. 3-9x40 ಎಂದರೆ ಮೂರರಿಂದ ಒಂಬತ್ತು ಪಟ್ಟು ಹಿಗ್ಗಿಸುವ, 40 ಮಿ.ಮೀ. ಮುಂಗಾಜಿನ ಯಂತ್ರ. ಅದರ ತಿರುಗುಂಡಿ ಕಾಲು ಮಿನಿಟಿನದಾದರೆ (ಕೋನದ ಮಿನಿಟು, ಗಡಿಯಾರದ್ದಲ್ಲ) ಒಂದು ಕ್ಲಿಕ್ಕಿಗೆ ಗುರಿ 100 ಮೀಟರ್ ದೂರದಲ್ಲಿ ಸುಮಾರು 7 ಮಿ.ಮೀ. ಸರಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಎರಿಹೊಲದ ಮೇಲೆ ಬಿಸಿಗಾಳಿ ಅಲೆಯಾಡುವಾಗ ಗುರಿಯೇ ತಾನಾಗಿ ಕುಣಿಯುವುದರಿಂದ ಕ್ಲಿಕ್ಕಿನ ಖರ್ಚು ಉಳಿತಾಯ. ಕಣ್ಣು ಗಾಜಿನಿಂದ ಒಂದು ಗೇಣಿನಷ್ಟು ಅಲ್ಲದಿದ್ದರೂ ನಾಲ್ಕು ಬೆರಳಿಗಿಂತ ಹತ್ತಿರ ಇರಕೂಡದು. ಇದ್ದರೆ ಬಂದೂಕು ಒದ್ದು ಹುಬ್ಬು ಒಡೆಯುತ್ತದೆ. ಚಾಳೀಸು ಹಾಕಿದ ಯಜಮಾನರಿಗೆ ಗಾಜಿನ ಹಿಂದೆ ಗಾಜು. ಇದನ್ನು ‘ದ್ವೈತ ದರ್ಶನ’ ಎನ್ನಬಹುದು.

ಇಷ್ಟಾದ ಮೇಲೆ ಯಾವುದಕ್ಕೆ ಗುರಿಯಿಡುವುದು? ಈ ಪ್ರಶ್ನೆಯನ್ನು ಎರಡೂ ಪಂಥ ಮರೆತಿವೆ. 1972ರ ವನ್ಯಜೀವಿ ಕಾಯ್ದೆ, 1991ರ ತಿದ್ದುಪಡಿಯ ನಂತರ, ಬೇಟೆಯನ್ನು ನಿಷೇಧಿಸಿದೆ. ಚುನಾವಣೆ ಘೋಷಣೆಯಾದರೆ ರೈಫಲ್ಲೇ ಠಾಣೆಗೆ ಹೋಗಿ ಕೂರುತ್ತದೆ. ಆದ್ದರಿಂದ ಓದುಗರಲ್ಲಿ ವಿನಂತಿ: ಕೃಷ್ಣಮೃಗ ನೋಡುವ ಆಸೆಯಿದ್ದರೆ ರಾಣೆಬೆನ್ನೂರಿಗೆ ಹೋಗಿ, 1974ರಿಂದ ಅಲ್ಲಿ ಅಭಯಾರಣ್ಯವಿದೆ. ಒಂದು ಬೈನಾಕ್ಯುಲರ್ ಸಾಕು, ಅದಕ್ಕೆ ಪರವಾನಗಿ ಬೇಡ.