ಕೇಳದೆ ಕೊಳ್ಳುವ ಸ್ಪೀಕರು

ಸ್ಪೀಕರು ಇದ್ದೂ ಇಲ್ಲದಂತಿರಬೇಕೆಂದು ಬಯಸಿ, ಆ ಬಯಕೆಯ ಈಡೇರಿಕೆಗಾಗಿ ಎದೆಯೆತ್ತರದ ಎರಡು ಪೆಟ್ಟಿಗೆಗಳನ್ನು ಹಜಾರದಲ್ಲಿ ನಿಲ್ಲಿಸಿಕೊಳ್ಳುವ ಒಂದು ವರ್ಗ ಸಂಗೀತಪ್ರಿಯ ಗೃಹಸ್ಥರಲ್ಲಿ ಬಹುಕಾಲದಿಂದ ಇದೆ. ಹಾಡು ಪೆಟ್ಟಿಗೆಯೊಳಗಿಂದ ಬಂದಂತೆ ಕೇಳಬಾರದು. ತಂಬೂರಿ ಗಾಯಕರ ಬೆನ್ನಿಗೆ, ತಬಲಾ ಒಂದು ಪಕ್ಕಕ್ಕೆ, ಹಾರ್ಮೋನಿಯಂ ಇನ್ನೊಂದು ಪಕ್ಕಕ್ಕೆ, ಎಲ್ಲರ ನಡುವೆ ಗಾಳಿಯಾಡುವಷ್ಟು ಜಾಗ ಬಿಟ್ಟು ಕೂತಿರುವಂತೆ ತೋರಬೇಕು ಎಂಬುದು ಇವರ ಅಪೇಕ್ಷೆ. ಈ ಗುಣಕ್ಕೆ ಬಲ್ಲವರು ‘ಓಪನ್ ಸೌಂಡ್’ ಎನ್ನುತ್ತಾರೆ. ಇಂಥ ಸ್ಪೀಕರುಗಳನ್ನು ಕೂರಿಸಿ ಕೇಳಿಸುವ ಅಂಗಡಿಗಳು ಹೆಚ್ಚಾಗಿ ಬೆಂಗಳೂರಿನಂಥ ದೊಡ್ಡ ನಗರಗಳಲ್ಲೇ ಇರುವುದರಿಂದ, ಶಿರಸಿಯಲ್ಲೋ ರಾಯಚೂರಿನಲ್ಲೋ ನೆಲೆಸಿದ ರಸಿಕರು ಕಿವಿಯ ಕೆಲಸವನ್ನು ಕಣ್ಣಿಗೆ ವಹಿಸಿ, ಓದಿಯೇ ಕೊಳ್ಳಬೇಕಾಗುತ್ತದೆ.

ಓದಲು ಮೊದಲು ಸಿಗುವುದು ವಿಮರ್ಶೆ. ಹೊಸ ಸ್ಪೀಕರು ಬಂದಾಗಲೆಲ್ಲ ಸಂಗೀತದ ಮುಂದಿದ್ದ ಪರದೆಯೊಂದು ಸರಿಯಿತೆಂದು ಬರೆಯುವುದು ವಿಮರ್ಶಕರ ವಾಡಿಕೆ. ಹೀಗೆ ದಶಕಗಳಿಂದ ಸರಿಯುತ್ತ ಬಂದರೂ ಪರದೆಗಳ ದಾಸ್ತಾನು ಇನ್ನೂ ಮುಗಿದಿಲ್ಲವೆಂಬುದು, ಹಿಂದಿನ ವರ್ಷ ಕೊಂಡವರು ಎಷ್ಟು ಪರದೆಗಳ ಹಿಂದಿನಿಂದ ಕೇಳುತ್ತಿದ್ದಾರೆಂಬ ಕಳವಳಕ್ಕೆ ಎಡೆಮಾಡಿಕೊಡುತ್ತದೆ.

ಪೆಟ್ಟಿಗೆಯ ದನಿಯೇ ಬೇಡವೆನ್ನುವವರಿಗೆ ಪೆಟ್ಟಿಗೆಯನ್ನೇ ತೆಗೆದುಹಾಕಿದವರು ಇಂಗ್ಲೆಂಡಿನ ಪೀಟರ್ ವಾಕರ್. ಅವರ ಕ್ವಾಡ್ ಸಂಸ್ಥೆ 1957ರಲ್ಲಿ ಮಾರುಕಟ್ಟೆಗೆ ತಂದ ಎಲೆಕ್ಟ್ರೋಸ್ಟ್ಯಾಟಿಕ್ ಸ್ಪೀಕರಿನಲ್ಲಿ, ಅಂದರೆ ರಂಧ್ರಗಳಿರುವ ಎರಡು ತಟ್ಟೆಗಳ ನಡುವೆ ಬಿಗಿದ ತೆಳುವಾದ ಹಾಳೆಯನ್ನು ಅಧಿಕ ವೋಲ್ಟೇಜಿನಿಂದ ಕಂಪಿಸುವಂತೆ ಮಾಡುವ ಸ್ಪೀಕರಿನಲ್ಲಿ, ದನಿ ಮುಂದಕ್ಕೂ ಹಿಂದಕ್ಕೂ ಸಮನಾಗಿ ಹೊರಡುತ್ತದೆ; ಈ ಬಗೆಯದಕ್ಕೆ ಡೈಪೋಲ್ ಎಂದು ಹೆಸರು. ಮನುಷ್ಯರ ಕಂಠವನ್ನು ಅದು ನುಡಿಸುವ ಸಹಜತೆಯನ್ನು ಇಂದಿಗೂ ಕೊಂಡಾಡುವವರಿದ್ದಾರೆ. ನೋಡಲು ಮಾತ್ರ ಅದು ಕೋಣೆ ಬಿಸಿಮಾಡುವ ಹೀಟರಿನಂತಿದ್ದು, ಆಳದ ಬಾಸ್ ಕೇಳಿದರೆ ಕೊಡಲಾರದು. ಬಲವಂತವಾಗಿ ಹೆಚ್ಚು ವಿದ್ಯುತ್ತು ಹರಿಸಿದರೆ ಒಳಗೆ ಕಿಡಿ ಹಾರಿಸಿ ಪ್ರತಿಭಟಿಸುತ್ತದೆ.

ವಿಮರ್ಶೆಗಿಂತ ನಂಬಬಹುದಾದದ್ದು, ಮಂದ್ರದಿಂದ ತಾರದವರೆಗೆ ಯಾವ ಸ್ವರ ಎಷ್ಟು ಜೋರಾಗಿ ಹೊರಡುತ್ತದೆಂದು ತೋರಿಸುವ ಅಳತೆಯ ನಕ್ಷೆ. ‘20 ಹರ್ಟ್ಸ್‌ನಿಂದ 20,000 ಹರ್ಟ್ಸ್’ ಎಂದಷ್ಟೇ ಡಬ್ಬಿಯ ಮೇಲೆ ಮುದ್ರಿಸಿದ್ದರೆ ಅದಕ್ಕೆ ಬೆಲೆಯಿಲ್ಲ; ಆ ಹರವಿನಲ್ಲಿ ದನಿ ಎಷ್ಟು ಡೆಸಿಬೆಲ್ ಏರಿಳಿಯುತ್ತದೆಂದು ಹೇಳಿದಾಗಲೇ ಅದು ಮಾಹಿತಿಯಾಗುತ್ತದೆ. ನಕ್ಷೆಯ ರೇಖೆ ಮೇಲ್ತುದಿಯಲ್ಲಿ ತಲೆಯೆತ್ತಿದ್ದರೆ ಎಚ್ಚರ ಬೇಕು. ಅಂಥ ಸ್ಪೀಕರು ಮೊದಲ ಹತ್ತು ನಿಮಿಷ ಬಲು ತೆರೆದಂತೆ ಕೇಳಿಸಿ, ವಾರ ಕಳೆಯುವುದರೊಳಗೆ ತಾಳದ ಸದ್ದಿಗೂ ಪಿಟೀಲಿಗೂ ಭೇದವಿಲ್ಲದಂತೆ ಕಿವಿಯನ್ನು ಕೊರೆಯುತ್ತದೆ. ನೇರ ಎದುರಿನಲ್ಲಷ್ಟೇ ಅಲ್ಲದೆ ಓರೆಯಲ್ಲಿ ಅಳೆದ ರೇಖೆಯೂ ನಯವಾಗಿ ಇಳಿಯುತ್ತ ಹೋಗಬೇಕು. ಗೋಡೆಗೆ ಬಡಿದು ಕಿವಿ ಸೇರುವುದು ಆ ಓರೆಯ ದನಿಯೇ.

ಕೇಳಿ ಕೊಂಡವರನ್ನು ಕಂಡು ಕರುಬಬೇಕಾಗಿಯೂ ಇಲ್ಲ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಎಂಬ ಸಂಶೋಧಕರು ತಮ್ಮದೇ ಸಂಸ್ಥೆಯ ನೌಕರರಿಗೆ ಅವೇ ಸ್ಪೀಕರುಗಳನ್ನು ಪರದೆಯ ಹಿಂದಿಟ್ಟು ಒಮ್ಮೆ, ಕಣ್ಣೆದುರಿಟ್ಟು ಒಮ್ಮೆ ಕೇಳಿಸಿದಾಗ ಅಂಕಗಳು ಬದಲಾದವು. ಕಾಣದಿದ್ದಾಗ ಮೆಚ್ಚುಗೆ ಪಡೆದಿದ್ದ ಅಗ್ಗದ ಪುಟ್ಟ ಸ್ಪೀಕರು, ಕಂಡೊಡನೆ ಮರ್ಯಾದೆ ಕಳೆದುಕೊಂಡಿತು. ವಿಮರ್ಶಕರು ಸದಾ ಸರಿಸುವ ಪರದೆಯನ್ನು ಒಮ್ಮೆ ಹಾಗೆಯೇ ಬಿಟ್ಟದ್ದರಿಂದ ಸತ್ಯ ಹೊರಬಿತ್ತೆನ್ನಬಹುದು.

ನಿಜವಾದ ತೊಡಕು ಮನೆಯದು. ಡೈಪೋಲಿನ ಹಿಂಬದಿಯ ದನಿ ಒಂದು ಮೀಟರು ಹಿಂದಿರುವ ಗೋಡೆಗೆ ಬಡಿದು ಮರಳಲು ಸುಮಾರು 6 ಮಿಲಿಸೆಕೆಂಡು ಹಿಡಿಯುತ್ತದೆ. ಕೋಣೆ ವಿಶಾಲವಾಯಿತೆಂಬ ಭ್ರಮೆ ಹುಟ್ಟುವುದರಲ್ಲಿ ಈ ತಡದ ಪಾಲು ದೊಡ್ಡದು. ಹನ್ನೆರಡಡಿಯ ಹಜಾರದಲ್ಲಿ ದಿವಾನ್ ಮಂಚ, ಟೀವಿ, ಇಸ್ತ್ರಿಗೆ ಕಾದಿರುವ ಬಟ್ಟೆಯ ಗಂಟು ಇವೆಲ್ಲದರ ನಡುವೆ ಆ ಮೀಟರನ್ನು ದೊರಕಿಸಿಕೊಂಡ ಗೃಹಸ್ಥರು, ಸ್ಪೀಕರಿನ ನಿಖರವಾದ ಸ್ಥಳವನ್ನು ಬಿಳಿ ಟೇಪು ಅಂಟಿಸಿ ನೆಲದ ಮೇಲೆ ಗುರುತಿಸುತ್ತಾರೆ. ಬೆಳಗ್ಗೆ “ಇದನ್ನ ಸ್ವಲ್ಪ ಹಿಂದಕ್ಕೆ ತಳ್ರೀ, ಕಸ ಗುಡಿಸೋಕಾಗಲ್ಲ” ಎಂಬ ಆದೇಶ ಬಂದು ಸ್ಪೀಕರು ಗೋಡೆಗೆ ಒರಗುತ್ತದೆ. ಕಸದೊಡನೆ ಟೇಪೂ ಹೋಗುತ್ತದೆ.

ಆದ್ದರಿಂದ ಕೇಳದೆ ಕೊಳ್ಳುವವರು ಮೊದಲು ಗೋಡೆಯಿಂದ ಮೂರಡಿ ಜಾಗ ಮಂಜೂರಾಗುವುದೇ ಎಂದು ಮನೆಯಲ್ಲಿ ವಿಚಾರಿಸಬೇಕು. ಇಲ್ಲವೆಂದಾದರೆ ಡೈಪೋಲಿನ ಆಸೆ ಬಿಟ್ಟು, ಓರೆಯಲ್ಲಿ ಅಳೆದ ರೇಖೆಯೂ ನಯವಾಗಿರುವ ಸಾಧಾರಣ ಪೆಟ್ಟಿಗೆಯನ್ನೇ ತರುವುದು ಲೇಸು. ಹಿಂತಿರುಗಿಸಲು ಒಪ್ಪುವ ಅಂಗಡಿಯಲ್ಲೇ ಕೊಳ್ಳಬೇಕು, ಅದಕ್ಕೆ ಕೊಟ್ಟ ಅವಧಿ ಮುಗಿಯುವವರೆಗೆ ರಟ್ಟಿನ ಡಬ್ಬವನ್ನು ಯಾರೂ ರದ್ದಿಗೆ ಹಾಕದಂತೆ ಅಟ್ಟದ ಮೇಲಿಡಬೇಕು.