ನೂರೈವತ್ತು ಅಕ್ಷರಗಳ ಸಂಕಟ

ದೀರ್ಘವಾಕ್ಯಗಳಲ್ಲಿಯೇ ಆಯುಷ್ಯವನ್ನು ಕಳೆದವನಿಗೆ ವೃದ್ಧಾಪ್ಯದಲ್ಲಿ ಒದಗಬಹುದಾದ ದಂಡನೆಗಳಲ್ಲಿ ಕಠೋರವಾದುದು ಯಾವುದೆಂದು ಯಾರಾದರೂ ಕೇಳಿದರೆ, ಜಾಲತಾಣದ ಪುಟಗಳಿಗೆ ‘ಮೆಟಾ ಡಿಸ್ಕ್ರಿಪ್ಷನ್’ ಎಂಬ, ಶೋಧಯಂತ್ರಕ್ಕಾಗಿ ಇಡುವ ಕಿರುವಿವರಣೆಯನ್ನು ಬರೆದುಕೊಡುವುದೇ ಎಂದು ನಾನು ನಿಸ್ಸಂಶಯವಾಗಿ ಉತ್ತರಿಸಬಲ್ಲೆನು. ನನ್ನ ಅಣ್ಣನ ಮಗನು ರೋಣ, ನರಗುಂದ, ಗಜೇಂದ್ರಗಡಗಳ ಪ್ರೇಕ್ಷಣೀಯ ಸ್ಥಳಗಳನ್ನು ಕುರಿತು ಒಂದು ತಾಣವನ್ನು ಕಟ್ಟುತ್ತಿರುವನು. ಬೆಂಗಳೂರಿನಲ್ಲಿ ಕುಳಿತು ಊರಿನ ಋಣವನ್ನು ತೀರಿಸಲು ಇದಕ್ಕಿಂತ ಸುಲಭವಾದ ಮಾರ್ಗವಿಲ್ಲ. ಲೇಖನಗಳು ನನ್ನವು. ಅದೇ ಸೀಮೆಯ ಸೂಡಿಯಲ್ಲಿರುವ ನಾಗಕುಂಡವೆಂಬ ಕೊಳವನ್ನು ಪುಟಗಟ್ಟಲೆ ವರ್ಣಿಸಿ ಧನ್ಯನಾಗಿದ್ದ ನನ್ನ ಮುಂದೆ ಅವನು ಒಂದು ಖಾಲಿ ಚೌಕವನ್ನು ತೆರೆದಿಟ್ಟು, “ಕಾಕಾ, ಇದರಾಗ ನೂರಾಐವತ್ತು ಅಕ್ಷರದಾಗ ಎಲ್ಲಾ ಮುಗಸ್ರಿ, ಗೂಗಲ್‌ಗೆ ಬೇಕಾಗೇತಿ” ಎಂದನು.

ಅವನ ತಾಣವು ‘ಸ್ಟ್ಯಾಟಿಕ್’ ಜಾತಿಯದು. ಓದುಗನು ಬಂದಾಗ ಪುಟವನ್ನು ಹೊಸದಾಗಿ ರಚಿಸದೆ, ಮೊದಲೇ ಸಿದ್ಧಪಡಿಸಿಟ್ಟುದನ್ನು ಬಡಿಸುವಂಥದು. ಲೇಖನಗಳಿರುವುದು ‘ಹೆಡ್‌ಲೆಸ್ ಸಿಎಂಎಸ್’ ಎಂಬ ಬೇರೊಂದು ಉಗ್ರಾಣದಲ್ಲಿ. ಅಲ್ಲಿ ವಿಷಯವುಂಟು, ಮುಖವಿಲ್ಲ. ಹಳೆಯ ವರ್ಡ್‌ಪ್ರೆಸ್ ತಾಣಗಳಲ್ಲಿ ಒಂದು ಪ್ಲಗಿನ್ನನ್ನು ಕೂಡಿಸಿದರೆ ಶೀರ್ಷಿಕೆ, ವಿವರಣೆಗಳನ್ನು ಅದೇ ಪುಟಕ್ಕೆ ಅಂಟಿಸುತ್ತಿತ್ತಂತೆ. ಇಲ್ಲಿಯಾದರೋ ಅವುಗಳಿಗೆಂದೇ ಕೋಷ್ಠಕಗಳನ್ನು ಮಾಡಿ, ಯಾರಾದರೊಬ್ಬರು ಕೈಯಾರೆ ತುಂಬಿ, ತಾಣವನ್ನು ಕಟ್ಟುವ ಹೊತ್ತಿನಲ್ಲಿ ಉಗ್ರಾಣದಿಂದ ತರಿಸಿ, ಪುಟದ ‘ಹೆಡ್’ ಎಂಬ, ಕಣ್ಣಿಗೆ ಬೀಳದ ಭಾಗದಲ್ಲಿ ಸೇರಿಸಬೇಕು. ಆ ‘ಯಾರಾದರೊಬ್ಬರು’ ನಾನಾದೆನು.

ಬರೆಯಲು ಕುಳಿತಾಗ ತಿಳಿದುದೇನೆಂದರೆ, ಯಂತ್ರದ ಎಣಿಕೆಯೂ ನಮ್ಮ ಎಣಿಕೆಯೂ ಒಂದೇ ಅಲ್ಲ. ಐದು ಅಕ್ಷರಗಳ ಗಜೇಂದ್ರಗಡವನ್ನು ಅದು ಒಂಬತ್ತೆಂದು ಎಣಿಸುವುದು. ಕಾಗುಣಿತದ ಚಿಹ್ನೆ, ಅನುಸ್ವಾರ, ಒತ್ತನ್ನು ಕೂಡಿಸುವ ಹಲಂತ, ಎಲ್ಲಕ್ಕೂ ಪ್ರತ್ಯೇಕ ತೆರಿಗೆ. ನೆರೆಯ ಲಕ್ಷ್ಮೇಶ್ವರವಂತೂ ನಾಲ್ಕಕ್ಷರದ ಊರಾಗಿದ್ದರೂ ಹನ್ನೊಂದನ್ನು ಕಬಳಿಸಿತು. ಸಂಸ್ಕೃತಭೂಯಿಷ್ಠವಾದ ಶೈಲಿಯನ್ನೇ ಗದ್ಯದ ಗಾಂಭೀರ್ಯವೆಂದು ನಂಬಿದ ನನ್ನಂಥವನಿಗೆ ಇದು ನೇರವಾಗಿ ಜೇಬಿಗೆ ಬಿದ್ದ ಕತ್ತರಿ. ‘ವಿಶ್ವವಿಖ್ಯಾತ’ವನ್ನು ತೆಗೆದು ‘ಹೆಸರಾದ’ ಎಂದೆನು, ‘ಶಿಲ್ಪಕಲಾವೈಭವ’ವು ‘ಕೆತ್ತನೆ’ಯಾಯಿತು. ಹುಡುಗನು ಹಿಗ್ಗಿದನು.

ರೋಣದ ಕಷ್ಟವು ಇನ್ನೊಂದು ಬಗೆಯದು. ಇಂಗ್ಲಿಷಿನಲ್ಲಿ ಮೂರೇ ಅಕ್ಷರಗಳಾಗುವ ಈ ಹೆಸರು ಹ್ಯಾರಿ ಪಾಟರನೆಂಬ ಮಾಂತ್ರಿಕ ಬಾಲಕನ ಕೆಂಗೂದಲಿನ ಗೆಳೆಯನದೂ ಆಗಿರುವುದರಿಂದ, ನಮ್ಮ ಊರನ್ನು ಅರಸಿ ಹೊರಟವನು ಸ್ಕಾಟ್ಲೆಂಡಿನ ಮಂತ್ರಶಾಲೆಯನ್ನು ತಲುಪುವ ಸಂಭವ ಹೆಚ್ಚು. ‘ರೋಣ, ಗದಗ ಜಿಲ್ಲೆ’ ಎಂದು ಶೀರ್ಷಿಕೆಯಲ್ಲಿಯೇ ಬರೆಯದೆ ಗತ್ಯಂತರವಿಲ್ಲ.

ಬೇಕಾದ ವಿವರಗಳನ್ನು ಅಡಕವಾಗಿ ಇಡುವ ಈ ವಿದ್ಯೆಯಲ್ಲಿ ನಮ್ಮ ಶಾಸನಕಾರರು ಎಷ್ಟು ನಿಪುಣರಾಗಿದ್ದರು! ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರಿ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದ ಕಾಲದ ಸೂಡಿಯ ಶಾಸನಗಳನ್ನು ನೋಡಿರಿ: ಆಳುವ ಅರಸನಾರು, ಶಕವರ್ಷ ಯಾವುದು, ದಾನವಿತ್ತವರಾರು, ಪಡೆದವರಾರು, ಎಲ್ಲವೂ ಇಟ್ಟಲ್ಲಿಯೇ ಇವೆ. ವಿದ್ವಾಂಸರಾದ ಬಾರ್ನೆಟ್ ಮಹಾಶಯರು ಸೂಡಿಯ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 15ನೆಯ ಸಂಪುಟದಲ್ಲಿ ಪ್ರಕಟಿಸಿದಾಗ, ಇವು ಯಾವ ಕಾಲದವು, ಯಾರವು ಎಂಬುದಕ್ಕೆ ಕಲ್ಲೇ ಸಾಕ್ಷಿ ನುಡಿಯಿತು. ಆದರೆ ಅರಸರ ಬಿರುದಾವಳಿಯಿದೆಯಲ್ಲ, ‘ಸಮಸ್ತಭುವನಾಶ್ರಯ’ದಿಂದ ಮೊದಲಾಗುವ ಆ ಸರಮಾಲೆ, ಅದು ಇಂದಿನ ‘ಕೀವರ್ಡ್ಸ್’ ಟ್ಯಾಗಿನ ಅಪ್ಪಟ ಪೂರ್ವಜ. ಗಜೇಂದ್ರಗಡದ ಸೀರೆ ವ್ಯಾಪಾರಿಯಾದ ನಮ್ಮ ಬಂಧುವೊಬ್ಬರು ತಮ್ಮ ಪುಟಕ್ಕೆ ಇಳಕಲ್ಲಿನಿಂದ ಬನಾರಸಿನವರೆಗಿನ ಸಕಲ ಸೀರೆಗಳ ಹೆಸರನ್ನೂ ಅಲ್ಲಿ ತುಂಬಬೇಕೆಂದು ಹಟ ಹಿಡಿದರು. ವೆಬ್ ಶೋಧದ ಶ್ರೇಯಾಂಕಕ್ಕೆ ಆ ಟ್ಯಾಗನ್ನು ತಾನು ಪರಿಗಣಿಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಸಾರಿದೆಯೆಂದರೆ, “ಇರಲಿ ಬಿಡ್ರಿ, ನೋಡಿದವರಿಗೆ ಭಾರ ಅನಸ್ತೈತಿ” ಎಂದರು. ನೋಡುವವರಾರೂ ಇಲ್ಲವೆಂಬುದು ಅವರಿಗೆ ಕೊನೆಗೂ ಮನವರಿಕೆಯಾಗಲಿಲ್ಲ.

ನರಗುಂದವು ನನ್ನನ್ನು ನಿಜವಾಗಿ ಸೋಲಿಸಿತು. 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬ ಭಾಸ್ಕರರಾವ್ ಭಾವೆಯವರನ್ನೂ, 1980ರ ಜುಲೈಯಲ್ಲಿ ಮಲಪ್ರಭೆಯ ನೀರಿನ ಕರದ ವಿರುದ್ಧ ಎದ್ದ ರೈತರನ್ನೂ ಒಂದೇ ಚೌಕದಲ್ಲಿ ಕೂಡಿಸುವುದು ಹೇಗೆ? ಒಬ್ಬರನ್ನು ಬಿಟ್ಟರೆ ಚರಿತ್ರೆಗೆ ಅಪಚಾರ, ಇಬ್ಬರನ್ನೂ ಹಿಡಿದರೆ ಬೆಟ್ಟದ ಕೋಟೆಗೆ ಜಾಗವಿಲ್ಲ. ಕಡೆಗೆ ಕೋಟೆಯನ್ನು ಬಿಟ್ಟೆನು. ಇಷ್ಟೆಲ್ಲ ಆದಮೇಲೆ ಹುಡುಗನು ಸಾವಧಾನದಿಂದ ಹೇಳಿದನು: ವಿವರಣೆಗೆ ಉದ್ದದ ಮಿತಿಯನ್ನು ಗೂಗಲ್ ವಿಧಿಸಿಯೇ ಇಲ್ಲ, ಪರದೆಯ ಅಗಲಕ್ಕೆ ತಕ್ಕಂತೆ ಕತ್ತರಿಸುವುದಷ್ಟೆ, ಮೇಲಾಗಿ, ಓದುಗನ ಪ್ರಶ್ನೆಗೆ ಪುಟದೊಳಗಿನ ಬೇರೊಂದು ವಾಕ್ಯವೇ ಒಪ್ಪುವುದೆಂದು ಕಂಡರೆ ನಾವು ಬರೆದುದನ್ನು ಬಿಟ್ಟು ಅದನ್ನೇ ತೋರಿಸುವುದು. ನನ್ನ ದೀರ್ಘವಾಕ್ಯಗಳಿಗೆ ಇನ್ನೂ ಒಂದು ಗತಿಯುಂಟೆಂದು ಸಮಾಧಾನಪಟ್ಟೆನು.

ಊರಿನ ಪುಟಗಳನ್ನು ಕಟ್ಟುವ ತರುಣರಲ್ಲಿ ನನ್ನದೊಂದು ಬಿನ್ನಹ. ಊರಿನೊಡನೆ ಜಿಲ್ಲೆಯ ಹೆಸರನ್ನೂ ಬರೆಯಿರಿ. ಒಂದೊಂದು ಪುಟಕ್ಕೂ ಅದರದೇ ವಿವರಣೆಯನ್ನು, ಕನ್ನಡ ಪುಟಕ್ಕೆ ಕನ್ನಡದಲ್ಲಿಯೇ ಬರೆಸಿರಿ. ಪರೀಕ್ಷೆಯ ಕಾಲದಲ್ಲಿ ಹಚ್ಚಿದ ‘ನೋಇಂಡೆಕ್ಸ್’ ಎಂಬ ಸೂಚನೆಯನ್ನು ತಾಣ ತೆರೆಯುವ ದಿನ ಮರೆಯದೆ ಕಿತ್ತುಹಾಕಿರಿ. ಅದು ಇರುವವರೆಗೂ ಗೂಗಲ್ ಆ ಪುಟವನ್ನು ಯಾರಿಗೂ ತೋರಿಸುವುದಿಲ್ಲ.