ಅತ್ತೆಗೆ ಮೀಸೆ ಬಂದರೆ

ನಮ್ಮ ರಾಜಕಾರಣಿಗಳಿಗೆ ಎರಡು ಬಗೆಯ ಪ್ರಶ್ನೆ ಕಂಡರೆ ಆಗುವುದಿಲ್ಲ. ನಡೆದದ್ದರ ಬಗ್ಗೆ ಕೇಳಿದರೆ 'ವಿಷಯ ನ್ಯಾಯಾಲಯದಲ್ಲಿದೆ' ಎನ್ನುತ್ತಾರೆ. ನಡೆಯದೇ ಇರುವುದರ ಬಗ್ಗೆ ಕೇಳಿದರೆ 'ಅಂತೆಕಂತೆಗೆಲ್ಲ ಉತ್ತರ ಕೊಡೋಕಾಗಲ್ಲ, ಅತ್ತೆಗೆ ಮೀಸೆ ಬಂದ್ರೆ ಚಿಕ್ಕಪ್ಪ ಅನ್ನೋಕಾಗುತ್ತಾ?' ಎಂದು ಗಾದೆ ಎಸೆದು ಕಾರು ಹತ್ತುತ್ತಾರೆ. ಮೈಕು ಹಿಡಿದವರು ನಗುತ್ತಾರೆ. ಅತ್ತೆಯ ಮೀಸೆಯ ಗತಿ ಏನಾಯಿತೆಂದು ಯಾರೂ ವಿಚಾರಿಸುವುದಿಲ್ಲ.

ವಿಚಾರಿಸುವವರು ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿದ್ದಾರೆ. ಅತ್ತೆಗೆ ಮೀಸೆ ಬಂದರೆ ಆಧಾರ್ ಫೋಟೊ ಬದಲಿಸಬೇಕೇ, ಶಕ್ತಿ ಯೋಜನೆಯ ಉಚಿತ ಬಸ್ಸು ಮುಂದುವರಿಯುತ್ತದೆಯೇ, ಕಂಡಕ್ಟರ್ ಟಿಕೆಟ್ ತಗೊಳ್ಳಿ ಎಂದು ಪಟ್ಟು ಹಿಡಿದರೆ ಅತ್ತೆ ಯಾವ ಅಧಿಕಾರಿಯ ಮುಂದೆ ಮೀಸೆ ತಿರುವಬೇಕು ಎಂಬುದನ್ನೆಲ್ಲ ಅವರು ಒಂದೇ ಸಂಜೆಯಲ್ಲಿ ಇತ್ಯರ್ಥ ಮಾಡಿದ್ದಾರೆ. ಮಂಡ್ಯ, ಧಾರವಾಡ, ಚಿಕ್ಕಮಗಳೂರು, ಡಾಲಸ್ ಎಂದು ಹಂಚಿಹೋಗಿರುವ ಈ ಗೆಳೆಯರಲ್ಲಿ ಒಬ್ಬರ ಮುಖ ಇನ್ನೊಬ್ಬರು ನೋಡದವರೇ ಹೆಚ್ಚು. ಆದರೆ ಯಾರ ತಲೆಯಲ್ಲಿ ಯಾವ ಹುಳ ಇದೆ ಎಂಬುದು ಎಲ್ಲರಿಗೂ ಗೊತ್ತು.

ಮೊನ್ನೆ ಬಂದ ಪ್ರಶ್ನೆ: ಕೆಆರ್‌ಎಸ್ ಜಲಾಶಯದಲ್ಲಿ ನೀರಿನ ಬದಲು ಫಿಲ್ಟರ್ ಕಾಫಿ ತುಂಬಿದ್ದರೆ?

ಡಾಲಸ್‌ನ ಎಂಜಿನಿಯರ್ ಮೊದಲು ಎದ್ದ. ಅಲ್ಲಿ ನಡುರಾತ್ರಿ. 'ಜಲಾಶಯದ ಸಾಮರ್ಥ್ಯ 49.45 ಟಿಎಂಸಿ. ಅಂದರೆ ಸುಮಾರು 1.4 ಲಕ್ಷ ಕೋಟಿ ಲೀಟರ್. ಲೋಟಕ್ಕೆ 100 ಮಿಲಿಲೀಟರ್ ಹಿಡಿದರೆ 14 ಲಕ್ಷ ಕೋಟಿ ಲೋಟ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 6.11 ಕೋಟಿ ಜನ. ಎಳೆಗೂಸೂ ಸೇರಿ ತಲೆಗೆ ದಿನಕ್ಕೆರಡು ಲೋಟ ಕುಡಿದರೂ ಖಾಲಿಯಾಗಲು 300 ವರ್ಷ ಮೀರುತ್ತೆ.'

ಚಿಕ್ಕಮಗಳೂರಿನ ತೋಟದ ಮಾಲೀಕರು ತಡೆದರು. 'ಕುಡಿಯೋದು ಆಮೇಲೆ ಮಾರಾಯ. ಲೋಟಕ್ಕೆ 10 ಗ್ರಾಂ ಪುಡಿ ಅಂದ್ರೂ 14 ಕೋಟಿ ಟನ್ ಬೇಕು. ಇಡೀ ದೇಶ ವರ್ಷಕ್ಕೆ ಬೆಳೆಯೋದೇ ಹತ್ತಿರ ಹತ್ತಿರ ಮೂರೂವರೆ ಲಕ್ಷ ಟನ್. ಮಾಡೋಕೆ 400 ವರ್ಷ, ಕುಡಿಯೋಕೆ 300 ವರ್ಷ. ಅಷ್ಟರಲ್ಲಿ ಕಾಫಿ ಆರಿಹೋಗಿರುತ್ತೆ.'

ಧಾರವಾಡದ ವಕೀಲರಿಗೆ ಆರುವ ಚಿಂತೆ ಇರಲಿಲ್ಲ. '2018ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ 177.25 ಟಿಎಂಸಿ ಹೋಗಬೇಕು. ಆದೇಶ ಇರೋದು ನೀರಿಗೆ. ಡಿಕಾಕ್ಷನ್‌ಗೆ ಅನ್ವಯ ಆಗೂದಿಲ್ಲ ಅಂತ ನಾ ವಾದ ಮಾಡ್ತೀನಿ.' ಅದಕ್ಕೆ ಇನ್ನೊಬ್ಬರು, 'ಸರ್, ಅವರು ಕುಂಭಕೋಣಂ ಡಿಗ್ರಿ ಕಾಫಿಯವರು. ನಮ್ಮದು ತೆಳು ಅಂತ ಅವರೇ ವಾಪಸ್ ಕಳಿಸ್ತಾರೆ. ಶತಮಾನದ ವಿವಾದ ಒಂದೇ ಗುಟುಕಿಗೆ ಮುಗೀತು' ಎಂದರು.

ಮಂಡ್ಯದವನು ಎಲ್ಲ ಮುಗಿದ ಮೇಲೆ ಬಂದ. 'ಸಕ್ಕರೆ ಖರ್ಚು ನಮ್ಮೂರಿನ್ದು. ಆದ್ರೆ ನಾಲೆಗೆ ಕಾಫಿ ಬಿಟ್ರೆ ನಮ್ ಭತ್ತ ರಾತ್ರಿಯೆಲ್ಲ ನಿದ್ದೆ ಮಾಡಕಿಲ್ಲ ಕಣ್ರಪ್ಪಾ, ಅದ್ಕೇನ್ಮಾಡೀರಿ?'

ಇದಕ್ಕೆ ಯಾರಲ್ಲೂ ಉತ್ತರ ಇರಲಿಲ್ಲ. ಆ ಹೊತ್ತಿಗೆ ಸರಿಯಾಗಿ, ಪ್ರತಿ ಗುಂಪಿನಲ್ಲೂ ತಪ್ಪದೆ ಇರುವ ಗಂಭೀರ ಸದಸ್ಯರು ಪ್ರತ್ಯಕ್ಷರಾದರು. 'ನಿಮಗೆಲ್ಲ ಬೇರೆ ಕೆಲಸ ಇಲ್ವಾ? ದೇಶದಲ್ಲಿ ಎಷ್ಟು ಸಮಸ್ಯೆಗಳಿವೆ!'

ಈ ಮಹನೀಯರ ಹಳೆಯ ಸಂದೇಶಗಳನ್ನು ಸ್ವಲ್ಪ ಮೇಲೆ ಸರಿಸಿ ನೋಡಬೇಕು. ನಮ್ಮ ರಾಷ್ಟ್ರಗೀತೆಯೇ ಜಗತ್ತಿನಲ್ಲಿ ಅತ್ಯುತ್ತಮ ಎಂದು ಯುನೆಸ್ಕೊ 'ಈಗಷ್ಟೇ' ಘೋಷಿಸಿತು ಎಂದು ವರ್ಷ ವರ್ಷವೂ ಅಭಿನಂದನೆ ಕಳಿಸುವವರು ಇವರೇ. 2016ರಲ್ಲಿ 2000 ರೂಪಾಯಿ ನೋಟಿನೊಳಗೆ ಚಿಪ್ಪಿದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಪತ್ತೆ ಹಚ್ಚುತ್ತದೆ ಎಂದು ನಮ್ಮನ್ನೆಲ್ಲ ಎಚ್ಚರಿಸಿದವರೂ ಇವರೇ. ಆ ಚಿಪ್ಪಿಗೆ ಬ್ಯಾಟರಿ ಎಲ್ಲಿದೆ ಎಂದು ಕೇಳಿದ್ದು ಇದೇ ಕಾಫಿ ಲೆಕ್ಕದ ಕೆಲಸವಿಲ್ಲದ ಮಂದಿ. ಪೆದ್ದ ಪ್ರಶ್ನೆಗೆ ಸಿಡುಕುವವರೇ ಪೆದ್ದ ಉತ್ತರವನ್ನು ಕಣ್ಣಿಗೊತ್ತಿಕೊಂಡು ಹತ್ತು ಜನರಿಗೆ ಹಂಚುತ್ತಾರೆ. 'ಹಾಗಾದರೆ ಏನಾಗುತ್ತೆ?' ಎಂದು ನಗುತ್ತಲೇ ಕೊನೆಯವರೆಗೆ ಯೋಚಿಸಿ ಅಭ್ಯಾಸ ಇದ್ದವರ ಮೂಗಿಗೆ ಚಿಪ್ಪಿನ ವಾಸನೆ ದೂರದಿಂದಲೇ ಬಡಿಯುತ್ತದೆ.

ಭೌತವಿಜ್ಞಾನಿ ಎನ್ರಿಕೊ ಫರ್ಮಿ, ಶಿಕಾಗೊ ನಗರದಲ್ಲಿ ಪಿಯಾನೊ ಶ್ರುತಿ ಮಾಡುವವರು ಎಷ್ಟು ಮಂದಿ ಇರಬಹುದು ಎಂಬಂಥ ಪ್ರಶ್ನೆ ಕೇಳಿ ವಿದ್ಯಾರ್ಥಿಗಳ ಬೆವರಿಳಿಸುತ್ತಿದ್ದರಂತೆ. ಅದೇ ಫರ್ಮಿ 1945ರ ಜುಲೈನಲ್ಲಿ ಮೊದಲ ಅಣುಬಾಂಬಿನ ಪರೀಕ್ಷೆ ನಡೆದಾಗ ಕೈಯಿಂದ ಕಾಗದದ ಚೂರು ಬೀಳಿಸಿ, ಅದು ಹಾರಿದ ದೂರ ನೋಡಿ, ಸ್ಫೋಟದ ಬಲ 10 ಕಿಲೋಟನ್ ಎಂದರು. ಆಮೇಲೆ ಅಳೆದಾಗ ಅದರ ಎರಡರಷ್ಟು ಚಿಲ್ಲರೆ ಬಂತು. ಕಾಗದದ ಚೂರಿಗೆ ಇದಕ್ಕಿಂತ ಹೆಚ್ಚು ಕೇಳಬಾರದು. ನಾಸಾದಲ್ಲಿ ಕೆಲಸ ಮಾಡಿದ್ದ ರ‍್ಯಾಂಡಲ್ ಮನ್ರೊ ಇಂಥ ಪ್ರಶ್ನೆಗಳಿಗೇ 2014ರಲ್ಲಿ 'ವಾಟ್ ಇಫ್?' ಎಂಬ ಪುಸ್ತಕ ಬರೆದರು. ಬೆಳಕಿನ ವೇಗದ ಶೇ 90ರಷ್ಟು ಜೋರಾಗಿ ಬೇಸ್‌ಬಾಲ್ ಎಸೆದರೆ? ಊರಿಗೆ ಊರೇ ಭಸ್ಮ. ಆದರೆ ಆಟದ ನಿಯಮದ ಪ್ರಕಾರ ಬ್ಯಾಟ್ಸ್‌ಮನ್ ಆರಾಮಾಗಿ ಮೊದಲ ಬೇಸ್‌ಗೆ ನಡೆದುಹೋಗಬಹುದು. ನಮ್ಮ ಧಾರವಾಡದ ವಕೀಲರು ಓದಿದ್ದರೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ನಮ್ಮಲ್ಲೂ ಈ ಪರಂಪರೆಗೆ ಕೊರತೆಯಿಲ್ಲ. ಓದುಗರ ವಕ್ರ ಪ್ರಶ್ನೆಗಳಿಗೆ ಬೀಚಿ ಕೊಟ್ಟ ವಕ್ರ ಉತ್ತರಗಳು 'ಉತ್ತರಭೂಪ' ಎಂಬ ಪುಸ್ತಕವೇ ಆದವು. ಪೊಲೀಸ್ ಇಲಾಖೆಯಲ್ಲಿ ದುಡಿದವರಾದ್ದರಿಂದ ಉತ್ತರ ಬಾಯಿಬಿಡಿಸುವ ಕಲೆ ಗೊತ್ತಿತ್ತೇನೋ. ತಮ್ಮ ಬಾಯಿಂದಲೇ ಬಿಡಿಸಿದ್ದು ಕನ್ನಡಿಗರ ಪುಣ್ಯ.

ಪೆದ್ದ ಪ್ರಶ್ನೆ ಕೆಡುವುದು ಅದಕ್ಕೆ ಸಂಬಳ ಅಂಟಿಕೊಂಡಾಗ. ಒಂದು ಕಾಲಕ್ಕೆ ಸಾಫ್ಟ್‌ವೇರ್ ಕಂಪನಿಗಳ ಸಂದರ್ಶನದಲ್ಲಿ ಶಾಲಾ ಬಸ್ಸಿನಲ್ಲಿ ಎಷ್ಟು ಗಾಲ್ಫ್ ಚೆಂಡು ಹಿಡಿಯುತ್ತವೆ, ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿದೆ ಎಂದೆಲ್ಲ ಕೇಳುತ್ತಿದ್ದರು. ಇಂಥ ಒಗಟುಗಳಿಂದ ಕವಡೆಯಷ್ಟೂ ಉಪಯೋಗವಿಲ್ಲ ಎಂದು ಗೂಗಲ್‌ನ ಮಾನವ ಸಂಪನ್ಮೂಲ ಮುಖ್ಯಸ್ಥರೇ 2013ರಲ್ಲಿ ಒಪ್ಪಿಕೊಂಡರು. ಬೆಂಗಳೂರಿನ ಪಾದಚಾರಿಗೆ ಇದು ಮೊದಲೇ ಗೊತ್ತಿತ್ತು. ಮುಚ್ಚಳ ದುಂಡಗಿದೆಯೋ ಚೌಕವೋ ಎಂಬುದು ಮುಚ್ಚಳ ಇದ್ದ ಊರಿನವರ ಸಮಸ್ಯೆ.

ಇನ್ನು ಟಿವಿ. ಸಿಎಂ ಬದಲಾದರೆ? ಬದಲಾಗದಿದ್ದರೆ? ಬದಲಾಗಿಯೂ ಬದಲಾಗದಂತಿದ್ದರೆ? ಆರು ಕಿಟಕಿಗಳಲ್ಲಿ ಆರು ಜನ, ಒಬ್ಬರು ಜ್ಯೋತಿಷಿ. ಇದೂ ನಮ್ಮ ಕಾಫಿ ಪ್ರಶ್ನೆಯ ಜಾತಿಯದೇ. ಆದರೆ ಇಲ್ಲಿ ಯಾರೂ ನಗುವುದಿಲ್ಲ, ಲೆಕ್ಕವನ್ನಂತೂ ಮಾಡುವುದೇ ಇಲ್ಲ. ನಮ್ಮ ಎಂಜಿನಿಯರ್ ಲೋಟಕ್ಕೆ 100 ಮಿಲಿಲೀಟರ್ ಎಂದು ಮೊದಲೇ ಹೇಳಿಬಿಟ್ಟ. ಒಪ್ಪದಿದ್ದರೆ ನೀವು 150 ಹಿಡಿದು ಜಗಳವಾಡಬಹುದು. ಕಿಟಕಿಯೊಳಗಿನ ಪಂಡಿತರ ಲೋಟದ ಅಳತೆ ಯಾರಿಗೂ ಗೊತ್ತಿಲ್ಲ.

ಸರ್ಕಾರದ ದಾರಿ ಇವೆಲ್ಲಕ್ಕಿಂತ ಬೇರೆ. ಊಹೆಯ ಪ್ರಶ್ನೆಗೆ ಉತ್ತರಿಸುವುದಿಲ್ಲ ಎನ್ನುವವರು ಊಹೆಯ ಉತ್ತರಕ್ಕೆ ಪ್ರಶ್ನೆಯನ್ನೇ ಕಾಯುವುದಿಲ್ಲ. 2018ರಲ್ಲಿ ಇದೇ ಕೆಆರ್‌ಎಸ್ ಬಳಿ ಡಿಸ್ನಿಲ್ಯಾಂಡ್ ಮಾದರಿಯ ಉದ್ಯಾನ, ಜತೆಗೆ ಕಾವೇರಿ ಮಾತೆಯ 125 ಅಡಿ ಪ್ರತಿಮೆ ಎಂಬ ಘೋಷಣೆ ಬಂತು. ನಮ್ಮ ಗುಂಪಿನಲ್ಲಿ ಯಾರಾದರೂ 'ಕೆಆರ್‌ಎಸ್ ಪಕ್ಕ ಮಿಕ್ಕಿ ಮೌಸ್ ಬಂದರೆ?' ಎಂದು ಕೇಳಿದ್ದರೆ ಗಂಭೀರ ಸದಸ್ಯರು ಗುಂಪು ಬಿಟ್ಟೇ ಹೋಗುತ್ತಿದ್ದರು. ಸಚಿವರು ಹೇಳಿದಾಗ ಅದು ಅಭಿವೃದ್ಧಿ. ನಾಲೆಯ ಕೊನೆಯಲ್ಲಿ ಗದ್ದೆ ಇರುವ ಮಂಡ್ಯದ ಗೆಳೆಯ ಮಾತ್ರ ಆಗಲೂ ಕೇಳಿದ್ದು ಒಂದೇ: 'ಅದು ಕುಡಿಯೋದು ಯಾವ್ ನೀರು?'

ಆದ್ದರಿಂದ ನಿಮ್ಮ ಗುಂಪಿನಲ್ಲಿ ಯಾರಾದರೂ ಚಂದ್ರನ ಮೇಲೆ ದರ್ಶಿನಿ ತೆರೆದರೆ ಇಡ್ಲಿ ಉಬ್ಬುತ್ತದೆಯೇ ಎಂದು ಕೇಳಿದಾಗ 'ಕೆಲಸ ಇಲ್ವಾ?' ಎನ್ನಬೇಡಿ. ಕೆಲಸ ಇದ್ದವರು ಮಾಡಿಟ್ಟಿದ್ದನ್ನು ನೋಡುತ್ತಲೇ ಇದ್ದೀರಿ. ಮೊದಲು ಲೋಟದ ಅಳತೆ ಹೇಳಿ, ಆಮೇಲೆ ಲೆಕ್ಕ ಹಾಕಿ, ಕೊನೆಗೆ ನಗಿ. ಪೆದ್ದ ಪ್ರಶ್ನೆಗೆ ಹೆದರಬೇಕಾದ್ದಿಲ್ಲ. ಹೆದರಬೇಕಾದ್ದು ಅದಕ್ಕೆ ಯಾರಾದರೂ ಟೆಂಡರ್ ಕರೆದಾಗ.